ಮುರಿದ ರೆಕ್ಕೆಯ ಸಾಕ್ಷ್ಯ

ಮುರಿದ ವಸ್ತುವೊಂದು ಕಣ್ಣಿಗೆ ಬಿದ್ದಾಗ ಗೃಹಸ್ಥರಾದ ನಾವು ಮೊದಲು ಕೇಳುವ ಪ್ರಶ್ನೆ "ಯಾರು ಮುರಿದರು?" ಎಂಬುದು. "ಹೇಗೆ ಮುರಿಯಿತು?" ಎಂಬ ಪ್ರಶ್ನೆ ಆಮೇಲೆ ಬರುವುದು, ಅನೇಕ ವೇಳೆ ಬರುವುದೇ ಇಲ್ಲ. ಬಚ್ಚಲಿನ ತಾಮ್ರದ ಹಂಡೆ ಸೋರಿದರೆ ಅದನ್ನು ಕಡೆಯಲ್ಲಿ ತೊಳೆದ ಸೊಸೆಯ ಮೇಲೆ ಮಾತು ಬರುವುದು. ಹಂಡೆಯ ತಳವು ಇಪ್ಪತ್ತು ವರ್ಷಗಳಿಂದ ಸವೆಯುತ್ತ ಬಂದುದನ್ನು ತಿರುವಿಹಾಕಿ ನೋಡುವವರು ಕಡಮೆ. ಮನೆಯೊಳಗೆ ಇದರಿಂದಾಗುವ ಅನ್ಯಾಯವು ಒಂದು ಹೊತ್ತಿನ ಕಣ್ಣೀರಿನಲ್ಲಿ ಮುಗಿದುಹೋಗಬಹುದು. ಆಕಾಶದಲ್ಲಿ ಹಾರುವ ಯಂತ್ರದ ವಿಷಯ ಹಾಗಲ್ಲ. ಅಲ್ಲಿ ತಪ್ಪಾದ ಕಾರಣವನ್ನು ಒಪ್ಪಿಕೊಂಡು ಕಡತವನ್ನು ಕಟ್ಟಿಟ್ಟರೆ, ನಿಜವಾದ ಕಾರಣವು ಮತ್ತೊಂದು ವಿಮಾನದ ರೆಕ್ಕೆಯೊಳಗೆ ಅಡಗಿಕೊಂಡೇ ಇರುವುದು.

ನಮ್ಮ ಶೆಟ್ಟಿಕೊಪ್ಪದಂಥ ಮಲೆನಾಡಿನ ಊರಿನಲ್ಲಿ, ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯನಿಗೆ ವಿಮಾನದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕೇಳತಕ್ಕ ಮಾತೇ. ನನ್ನ ತಂಗಿಯ ಮಗನು ವಿಮಾನಗಳನ್ನು ಪರೀಕ್ಷಿಸಿ, ಹಾರಲು ಯೋಗ್ಯವೆಂದು ರುಜು ಹಾಕುವ ಉದ್ಯೋಗದಲ್ಲಿರುವನು. ರಜೆಯಲ್ಲಿ ಬಂದಾಗ ಜಗಲಿಯ ಮೇಲೆ ಕುಳಿತು ಅವನು ಹೇಳಿದ ಸಂಗತಿಗಳೂ, ಅವನ ದೆಸೆಯಿಂದ ನಾನು ಓದಿ ತಿಳಿದುಕೊಂಡ ಕೆಲವು ಅಪಘಾತಗಳ ವೃತ್ತಾಂತಗಳೂ ಈ ಲೇಖನಕ್ಕೆ ಮೂಲ. ಓದುತ್ತ ಹೋದಂತೆ ನನಗೆ ವಿಸ್ಮಯವಾದುದೇನೆಂದರೆ, ಚಿಕ್ಕಂದಿನಲ್ಲಿ ಗುರುಗಳ ಎದುರಿನಲ್ಲಿ ಕುಳಿತು ನಾವು ಹೊಗೆ ಬೆಂಕಿಗಳನ್ನು ಹಿಡಿದು ಮಾಡುತ್ತಿದ್ದ ವಿಚಾರವನ್ನೇ ಈ ಇಂಜಿನಿಯರರು ಮರದ ಸಿಬಿರುಗಳನ್ನೂ ಲೋಹದ ಚೂರುಗಳನ್ನೂ ಹಿಡಿದು ಮಾಡುತ್ತಿರುವರು.

ಮೊದಲು ರೆಕ್ಕೆಯೆಂದರೇನೆಂಬುದನ್ನು ಸ್ವಲ್ಪ ಹೇಳಬೇಕು. ವಿಮಾನದ ರೆಕ್ಕೆಯು ರಚನೆಯಲ್ಲಿ ಹಕ್ಕಿಯ ರೆಕ್ಕೆಗಿಂತ ನಮ್ಮ ಮನೆಯ ಮಾಡಿಗೆ ಹತ್ತಿರವಾದುದು. ಮಾಡಿಗೆ ತೊಲೆ, ಅದರ ಮೇಲೆ ಪಕಾಸಿ, ರೀಪು, ಕಡೆಗೆ ಹೆಂಚಿನ ಹೊದಿಕೆ. ರೆಕ್ಕೆಗೂ ಬುಡದಿಂದ ತುದಿಯವರೆಗೆ ಒಂದೋ ಎರಡೋ ತೊಲೆಗಳುಂಟು. ಅದನ್ನು ಸ್ಪಾರ್ ಎನ್ನುವರು. ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳು. ಮೇಲಣ ಹೊದಿಕೆ ಹಿಂದಿನ ಕಾಲದಲ್ಲಿ ಬಟ್ಟೆಯದು ಅಥವಾ ತೆಳುವಾದ ಮರದ ಹಾಳೆಯದು. ಈಗ ಹೆಚ್ಚಾಗಿ ಅಲ್ಯೂಮಿನಿಯಮ್ ತಗಡಿನದು. ಆದರೆ ಮಾಡಿನ ತೊಲೆಗೆ ಎರಡು ತುದಿಗಳಲ್ಲಿಯೂ ಗೋಡೆಯ ಆಸರೆಯುಂಟು. ರೆಕ್ಕೆಯ ತೊಲೆಗೆ ಒಂದೇ ತುದಿಯಲ್ಲಿ ಹಿಡಿತ. ಅಡಕೆಯ ಕೊನೆ ಕೊಯ್ಯುವ ದೋಟಿಯನ್ನು ಬುಡದಲ್ಲಿ ಹಿಡಿದು ಅಡ್ಡಲಾಗಿ ಚಾಚಿ ನೋಡಿದವರಿಗೆ ಇದರ ಮರ್ಮ ಗೊತ್ತು: ಕಷ್ಟವೆಲ್ಲವೂ ಮುಂಗೈಯ ಬಳಿಯಲ್ಲಿಯೇ ಸೇರುವುದು. ಹಾಗೆಯೇ ರೆಕ್ಕೆಯ ಆಯಾಸವೆಲ್ಲ ಬುಡದಲ್ಲಿ. ಹಾರುವಾಗ ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಬಾಗಿಸುವುದು. ಆಗ ತೊಲೆಯ ಕೆಳಮೈ ಎಳೆಯಲ್ಪಟ್ಟು ಮೇಲ್ಮೈ ಅದುಮಲ್ಪಡುವುದು. ಇಳಿದು ನೆಲದ ಮೇಲೆ ನಿಂತಾಗ ರೆಕ್ಕೆಯು ತನ್ನ ಭಾರಕ್ಕೆ ತಾನು ಜೋಲುವುದು. ಏರಿ ಇಳಿದಾಗಲೆಲ್ಲ ಈ ಬಾಗು ಒಂದು ಸುತ್ತು ಪೂರ್ತಿಯಾಗುವುದು. ಇಷ್ಟು ತಿಳಿದಿದ್ದರೆ ಮುಂದಿನ ಕಥೆಗೆ ಸಾಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮಾಸ್ಕಿಟೊ ಎಂಬ ಹೆಸರಿನ ವಿಮಾನವೊಂದು ಹುಟ್ಟಿತು. ಮಾಸ್ಕಿಟೊ ಎಂದರೆ ಸೊಳ್ಳೆ. ಮೊದಲ ಹಾರಾಟ ೧೯೪೦ರ ನವೆಂಬರ್ ೨೫ರಂದು. ಎರಡು ಎಂಜಿನು, ಇಬ್ಬರು ಕುಳಿತುಕೊಳ್ಳುವಷ್ಟು ಸ್ಥಳ, ಮೈಯೆಲ್ಲ ಮರ. ಲೋಹದ ಅಭಾವವಿದ್ದ ಕಾಲದಲ್ಲಿ, ಮೇಜು ಕುರ್ಚಿಗಳನ್ನು ಮಾಡುತ್ತಿದ್ದ ಬಡಗಿಗಳ ಕೈಯನ್ನೂ ಈ ಕೆಲಸಕ್ಕೆ ತೆಗೆದುಕೊಂಡರು. ತೊಲೆಗಳು ಸ್ಪ್ರೂಸ್ ಮರದವು, ಹೊದಿಕೆ ಬರ್ಚ್ ಮರದ ಪ್ಲೈವುಡ್ಡು. ಎಲ್ಲವನ್ನೂ ಸೇರಿಸತಕ್ಕದ್ದು ಅಂಟು. ಮೊದಮೊದಲು ಹಾಲಿನ ಸತ್ತ್ವದಿಂದ ತೆಗೆದ ಕೇಸೀನ್ ಎಂಬ ಅಂಟನ್ನೂ, ಬಳಿಕ ರಾಸಾಯನಿಕವಾದ ಅಂಟನ್ನೂ ಉಪಯೋಗಿಸಿದರು. ನಮ್ಮ ಆಚಾರಿಗಳು ಸರೇಸಿನಿಂದ ಪೆಟ್ಟಿಗೆ ಕೂಡಿಸುವುದನ್ನು ಕಂಡವರಿಗೆ, ಅಂಟಿನ ಬಲದಿಂದ ಯುದ್ಧ ಮಾಡುವ ವಿಮಾನವೆಂದರೆ ನಗೆ ಬರಬಹುದು. ಆದರೆ ಆ ಕಾಲದ ವೇಗಶಾಲಿಗಳಾದ ವಿಮಾನಗಳ ಸಾಲಿನಲ್ಲಿ ಅದು ಮುಂದೆ ನಿಂತಿತು. ಒಟ್ಟಿನಲ್ಲಿ ಏಳು ಸಾವಿರಕ್ಕಿಂತ ಹೆಚ್ಚು ಮಾಸ್ಕಿಟೊಗಳು ತಯಾರಾದುವು.

ಬರ್ಮಾದ ಯುದ್ಧಕ್ಕಾಗಿ ಇವುಗಳನ್ನು ಇಂಡಿಯಾಕ್ಕೆ ತಂದರು. ೧೯೪೪ರ ಮಳೆಗಾಲ ಕಳೆದ ಮೇಲೆ, ಒಂದರ ಹಿಂದೊಂದರಂತೆ ಕೆಲವು ವಿಮಾನಗಳು ಆಕಾಶದಲ್ಲಿಯೇ ಒಡೆದು ಬಿದ್ದುವು. ಶತ್ರುವಿನ ಗುಂಡು ತಗುಲಿದ್ದಿಲ್ಲ. ರೆಕ್ಕೆಯ ಮೇಲಣ ಹೊದಿಕೆಯು ತೊಲೆಯಿಂದ ಎದ್ದು ಬಂದಿತ್ತೆಂದು ಶಂಕೆ ಹುಟ್ಟಿತು. ಆ ವರ್ಷದ ನವೆಂಬರಿನಲ್ಲಿ ವಿಚಾರಣೆ ಮೊದಲಾಯಿತು. ವಿಮಾನವನ್ನು ರಚಿಸಿದ ಕಂಪೆನಿಯ ಸ್ಥಾಪಕರ ತಮ್ಮನಾದ ಮೇಜರ್ ಹೆರವರ್ಡ್ ಡಿ ಹ್ಯಾವಿಲೆಂಡ್ ಎಂಬವರ ಮುಂದಾಳುತನದಲ್ಲಿ ಒಂದು ತಂಡವು ಇಂಡಿಯಾಕ್ಕೆ ಬಂದಿತು. ಡಿಸೆಂಬರಿನ ಪ್ರಾರಂಭದಲ್ಲಿ ಅವರು ಕೊಟ್ಟ ಅಭಿಪ್ರಾಯದ ಸಾರಾಂಶ ಇದು: ಅಂಟು ಕೆಟ್ಟಿಲ್ಲ, ಈ ದೇಶದ ಮಳೆಗಾಲದ ತೇವದಲ್ಲಿ ಮರದ ಮೈ ವ್ಯತ್ಯಾಸ ಹೊಂದಿದುದೇ ಅನರ್ಥಕ್ಕೆ ಕಾರಣ.

ಮಲೆನಾಡಿನವರಾದ ನಾವು ಈ ಮಾತನ್ನು ಕೇಳಿದೊಡನೆ ತಲೆದೂಗುವೆವು. ಆಷಾಢದಲ್ಲಿ ಹಲಸಿನ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನೂ, ಚೈತ್ರದಲ್ಲಿ ಅದೇ ಬಾಗಿಲು ಕುಗ್ಗಿ ಸಂದು ಬಿಡುವುದನ್ನೂ ಪ್ರತಿವರ್ಷ ಕಾಣುವವರು ನಾವು. ಪುಸ್ತಕದ ರಟ್ಟು ಬೂಸಲು ಹಿಡಿಯುವ ಊರಿನಲ್ಲಿ ಪ್ಲೈವುಡ್ಡಿನ ರೆಕ್ಕೆ ಉಳಿದೀತೆ? ಇದಕ್ಕೊಂದು ಹಳೆಯ ದೃಷ್ಟಾಂತವೂ ಇದ್ದಿತು. ೧೯೩೧ರ ಮಾರ್ಚ್ ೩೧ರಂದು ಅಮೆರಿಕದ ಕಾನ್ಸಾಸ್ ಪ್ರಾಂತದಲ್ಲಿ ಫೋಕರ್ ಎಂಬ ಜಾತಿಯ ಪ್ರಯಾಣಿಕರ ವಿಮಾನದ ಮರದ ರೆಕ್ಕೆ ಕಳಚಿ ಎಂಟು ಜನ ಸತ್ತಿದ್ದರು. ಸತ್ತವರಲ್ಲಿ ಅಲ್ಲಿಯ ಫುಟ್‌ಬಾಲ್ ಆಟದ ಪ್ರಖ್ಯಾತ ಶಿಕ್ಷಕರಾದ ನ್ಯೂಟ್ ರಾಕ್ನಿ ಎಂಬವರೂ ಒಬ್ಬರಾದುದರಿಂದ ದೇಶವೆಲ್ಲ ಗದ್ದಲವಾಯಿತು. ಮೊದಲು ಆ ತಪ್ಪನ್ನು ಆಕಾಶದ ಮಂಜುಗಡ್ಡೆಯ ಮೇಲೆ ಹೊರಿಸಿದರು. ವಿಚಾರ ಬೆಳೆದಂತೆ, ರೆಕ್ಕೆಯೊಳಗೆ ತೇವ ಸೇರಿ ಅಂಟು ಬಿಟ್ಟುದು ಗೊತ್ತಾಯಿತು. ಹೀಗಿರುವಲ್ಲಿ ೧೯೪೪ರಲ್ಲಿ ಇಂಡಿಯಾದ ಮಳೆಯನ್ನು ಶಂಕಿಸಿದುದು ಅಸಹಜವೇನೂ ಅಲ್ಲ. ಮಳೆಗೆ ವಕೀಲರಿಲ್ಲ. ಅದು ತಾನು ನಿರಪರಾಧಿಯೆಂದು ಅರ್ಜಿ ಹಾಕಿಕೊಳ್ಳುವುದೂ ಇಲ್ಲ.

ಆದರೆ ವಿಚಾರಣೆಯು ಅಲ್ಲಿಗೆ ನಿಲ್ಲಲಿಲ್ಲ. ಬಳಿಕ ನಡೆದ ಮತ್ತೊಂದು ತನಿಖೆಯು, ದೋಷವು ತಯಾರಿಕೆಯದೆಂದು ಕಂಡುಹಿಡಿಯಿತು. ವಿಮಾನ ನಿರ್ಮಾಣದ ಸಚಿವಶಾಖೆಯವರು ಇಂಗ್ಲೆಂಡಿನ ಡೆಫರ್ಡ್ ಎಂಬಲ್ಲಿ, ಆ ದೇಶದಲ್ಲಿಯೇ ಇದ್ದ ಮಾಸ್ಕಿಟೊಗಳನ್ನು ಬಿಚ್ಚಿ ನೋಡಿದರು. ಆರು ಬಗೆಯ ಮಾಸ್ಕಿಟೊಗಳಲ್ಲಿ ಅದೇ ತೆರನಾದ ದೋಷಗಳು ಕಂಡುವು. ಅವೆಲ್ಲವೂ ಹ್ಯಾಟ್‌ಫೀಲ್ಡ್, ಲೀವ್ಸ್‌ಡನ್ ಎಂಬ ಎರಡು ಕಾರ್ಖಾನೆಗಳಲ್ಲಿ ತಯಾರಾದಂಥವು. ಅವುಗಳಲ್ಲಿ ಒಂದಾದರೂ ನಮ್ಮ ಮಳೆಗಾಲವನ್ನು ಕಂಡುದಲ್ಲ, ಗೆದ್ದಲು ಮುಟ್ಟಿದುದಲ್ಲ. ಅಂಟಿಸುವ ಕೆಲಸವೇ ಇರಬೇಕಾದಷ್ಟು ಚೆನ್ನಾಗಿರಲಿಲ್ಲ.

ತರ್ಕವನ್ನು ಸ್ವಲ್ಪವಾದರೂ ಓದಿದವರಿಗೆ ಇಲ್ಲಿ 'ಉಪಾಧಿ' ಎಂಬ ಶಬ್ದ ಜ್ಞಾಪಕಕ್ಕೆ ಬರದಿರದು. ಓದದವರಿಗಾಗಿ ಎರಡು ಮಾತು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿಯಾದ ಊಹೆ. ಅದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ತಪ್ಪು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಹಾಗಾದರೆ ಹೊಗೆ ಎಲ್ಲಿಂದ ಬರುವುದು? ಬೆಂಕಿಗೆ ಹಸಿಯ ಕಟ್ಟಿಗೆಯ ಸಂಬಂಧವುಂಟಾದಾಗ. ಈ ಹಸಿಯ ಕಟ್ಟಿಗೆಯೇ ಉಪಾಧಿ. ಅದನ್ನು ಗಮನಿಸದೆ ಬೆಂಕಿಯ ಮೇಲೆ ಮಾತ್ರ ಹೊಗೆಯ ತಪ್ಪನ್ನು ಹೊರಿಸುವವನ ಅನುಮಾನವು ದುಷ್ಟವಾಗುವುದು. ನಮ್ಮ ಮನೆಗಳ ಹೆಂಗಸರಿಗೆ ಇದನ್ನು ಯಾವ ಶಾಸ್ತ್ರವೂ ಕಲಿಸಬೇಕಾಗಿಲ್ಲ. ಶ್ರಾವಣದಲ್ಲಿ ಒಲೆಯ ಮುಂದೆ ಕಣ್ಣೊರಸಿಕೊಳ್ಳುತ್ತ ಅವರು ಬೈಯುವುದು ಸೌದೆಯನ್ನೇ ಹೊರತು ಅಗ್ನಿಯನ್ನಲ್ಲ.

ಮಾಸ್ಕಿಟೊವಿನ ವಿಷಯದಲ್ಲಿ ಮಳೆಯು ಬೆಂಕಿಯ ಸ್ಥಾನದಲ್ಲಿದ್ದಿತು. ಕೆಟ್ಟ ಅಂಟುಗೆಲಸವು ಹಸಿಯ ಕಟ್ಟಿಗೆಯ ಸ್ಥಾನದಲ್ಲಿದ್ದಿತು. ಸಂದು ಬಿಟ್ಟ ಬೆಸುಗೆಯೊಳಗೆ ನೀರು ಇಳಿಯುವುದು ಸಹಜ. ಆದರೆ ಸಂದನ್ನು ಮಾಡಿದುದು ನೀರಲ್ಲ. ಇದನ್ನು ನಿಶ್ಚಯಿಸಬೇಕಾದರೆ ಮಾಡಬೇಕಾದ ಕೆಲಸ ಒಂದೇ: ಮಳೆ ಮುಟ್ಟದ ವಿಮಾನವನ್ನು ಬಿಚ್ಚಿ ನೋಡುವುದು. ಡೆಫರ್ಡಿನವರು ಮಾಡಿದುದು ಇದನ್ನೇ. ಕಾರಣವೆಂದು ಹೇಳಿದುದು ಇಲ್ಲದೆಡೆಯಲ್ಲಿಯೂ ದೋಷವಿದ್ದರೆ ಆ ಕಾರಣವು ಕಾರಣವಾಗದು. ಬಿದ್ದ ವಿಮಾನದ ಸುತ್ತಲೇ ಸುತ್ತುತ್ತಿದ್ದವರಿಗೆ ಇದು ತೋರುವಂತಿರಲಿಲ್ಲ. ಬೀಳದ ವಿಮಾನದ ಕಡೆಗೆ ತಿರುಗಿದವರಿಗೆ ತೋರಿತು.

ಮೇಜರರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ತೇವದಿಂದ ಹಾನಿಯಾದುದೂ ನಿಜವಷ್ಟೆ. ಆದರೂ, ಆಪ್ತನೆಂದರೆ ಯಥಾರ್ಥವನ್ನು ನುಡಿಯುವವನೆಂದು ಕಲಿತ ನನಗೆ, ಅಣ್ಣನ ಕಾರ್ಖಾನೆಯ ದೋಷವನ್ನು ಹುಡುಕಲು ತಮ್ಮನನ್ನು ಕಳುಹಿಸಿದುದು ಉಚಿತವಾಗಿ ತೋರುವುದಿಲ್ಲ. ಇದಕ್ಕಿಂತ ಖೇದಕರವಾದುದು ಮುಂದಿನ ಸಂಗತಿ. ಜನರಿಗೆ ವಿಮಾನದಲ್ಲಿ ನಂಬಿಕೆ ತಪ್ಪಬಾರದೆಂದು, ಬ್ರಿಟಿಷ್ ವಾಯುಸಚಿವಶಾಖೆಯು ಹವೆಯೇ ಮುಖ್ಯವಾದ ಕಾರಣವೆಂಬ ಮೊದಲನೆಯ ಅಭಿಪ್ರಾಯವನ್ನೇ ಹಿಡಿದು ನಿಂತಿತು. ರೆಕ್ಕೆಯ ಮೇಲ್ಗಡೆಯ ಸಂದಿನ ಉದ್ದಕ್ಕೂ ಪ್ಲೈವುಡ್ಡಿನ ಪಟ್ಟಿಯೊಂದನ್ನು ಅಂಟಿಸಿ ನೀರು ಇಳಿಯದಂತೆ ಮಾಡಿದರು. ಪಟ್ಟಿ ಹಾಕಿದುದು ಒಳ್ಳೆಯದೇ ಆಯಿತು. ಆದರೆ ಸತ್ತವರ ಮನೆಯವರು, ತಮ್ಮ ಮಗನನ್ನು ಕೊಂದುದು ಇಂಡಿಯಾದ ಮಳೆಯೆಂದು ನಂಬಿಯೇ ಕಾಲ ಕಳೆದಿರಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ನಾಡಿನ ಕಡೆಗೆ ಬರಬೇಕು. ವಿಮಾನದ ವಿದ್ಯೆಗೆ ಬೆಂಗಳೂರು ಹೊಸದಲ್ಲ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ೧೯೪೦ರ ಡಿಸೆಂಬರಿನಲ್ಲಿ ಅಲ್ಲಿ ಸ್ಥಾಪಿಸಿದರು. ೧೯೪೨ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ಶಾಖೆಯು ಪ್ರಾರಂಭವಾಯಿತು; ಅದರ ಮೊದಲನೆಯ ಮುಖ್ಯಸ್ಥರಾದ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್‌ಟಿ-೨ ಎಂಬ ಚಿಕ್ಕ ಶಿಕ್ಷಣ ವಿಮಾನವು ೧೯೫೧ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಅದರ ಮೈಯೆಲ್ಲ ಲೋಹ. ಮಳೆ, ಅಂಟು, ಗೆದ್ದಲುಗಳ ಗೋಳು ಅಲ್ಲಿಗೆ ಮುಗಿಯಿತೆಂದು ಕೆಲವರಾದರೂ ನೆಮ್ಮದಿಗೊಂಡಿರಬಹುದು. ಆದರೆ ಲೋಹಕ್ಕೂ ಒಂದು ರೋಗವುಂಟು, ಅದು ದಣಿವು.

ಬೇಲಿಯ ತಂತಿಯನ್ನು ಕತ್ತರಿಸಲು ಇಕ್ಕುಳ ಇಲ್ಲದಾಗ ನಾವು ಮಾಡುವುದೇನು? ಒಂದೇ ಕಡೆಯಲ್ಲಿ ಅತ್ತ ಇತ್ತ ಬಾಗಿಸುತ್ತ ಹೋಗುವೆವು. ಎಳೆದರೆ ಇಬ್ಬರ ಬಲಕ್ಕೂ ಜಗ್ಗದ ತಂತಿಯು ಹತ್ತಿಪ್ಪತ್ತು ಸಲ ಬಾಗಿದೊಡನೆ ಕಡಿದುಬೀಳುವುದು. ರೆಕ್ಕೆಯ ತೊಲೆಯ ಬಾಗು ಕಣ್ಣಿಗೆ ಅಷ್ಟಾಗಿ ತೋರದು. ಆದುದರಿಂದ ಇಪ್ಪತ್ತಕ್ಕೆ ಬದಲು ಸಾವಿರಾರು ಲಕ್ಷಾಂತರ ಬಾಗುಗಳು ಬೇಕಾಗುವುವು. ಬಹುಶಃ ಒಂದು ಬೋಲ್ಟಿನ ರಂಧ್ರದ ಅಂಚಿನಲ್ಲಿ, ಕೂದಲಿಗಿಂತ ಸಣ್ಣದಾದ ಬಿರುಕು ಹುಟ್ಟುವುದು. ಪ್ರತಿಯೊಂದು ಹಾರಾಟದಲ್ಲಿಯೂ ಅದು ಎಳ್ಳಷ್ಟೂ ಅಲ್ಲದಷ್ಟು ಮುಂದುವರಿಯುವುದು. ಉಳಿದ ಲೋಹವು ಭಾರವನ್ನು ತಾಳಲಾರದಷ್ಟು ಕಡಮೆಯಾದ ದಿನ ಒಮ್ಮೆಗೇ ಮುರಿಯುವುದು. ೧೯೪೫ರ ಜನವರಿ ೩೧ರಂದು ಆಸ್ಟ್ರೇಲಿಯಾದಲ್ಲಿ ಸ್ಟಿನ್‌ಸನ್ ಎಂಬ ವಿಮಾನದ ರೆಕ್ಕೆ ಹೀಗೆಯೇ ಕಳಚಿ ಹತ್ತು ಜನ ಮಡಿದರು.

ಈ ಬಗೆಯ ಮುರಿವಿನಲ್ಲಿ ವಿಧಿಯು ಒಂದು ಉಪಕಾರ ಮಾಡಿದೆ. ಮುರಿದ ಮುಖದಲ್ಲಿ ಚರಿತ್ರೆಯು ಬರೆದಿಟ್ಟಂತೆ ಉಳಿಯುವುದು. ಬೇಸಗೆಯಲ್ಲಿ ಕೆರೆಯ ನೀರು ಇಳಿಯುತ್ತ ಬಂದಂತೆ ದಡದ ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆ ಉಳಿಯುವುದಷ್ಟೆ? ದಣಿವಿನ ಬಿರುಕು ನಿಂತು ನಿಂತು ಮುಂದುವರಿದ ಕಡೆಗಳಲ್ಲಿ ಅಂಥ ಬಾಗು ಗೆರೆಗಳು ಕಾಣುವುವು. ಹಳೆಯ ಬಿರುಕಿನ ಭಾಗ ನಯವಾಗಿ, ಎಣ್ಣೆ ಧೂಳುಗಳಿಂದ ಕಪ್ಪಾಗಿರುವುದು. ಕಡೆಯ ಕ್ಷಣದಲ್ಲಿ ಹರಿದ ಭಾಗ ಒರಟಾಗಿ, ಹೊಸದಾಗಿ ಒಡೆದ ಬೆಲ್ಲದ ಅಚ್ಚಿನಂತೆ ಕಣಕಣವಾಗಿ ಹೊಳೆಯುವುದು. ಗೆರೆಗಳು ಯಾವ ಬಿಂದುವಿನ ಕಡೆಗೆ ಕೂಡುವುವೋ ಅಲ್ಲಿಯೇ ಬಿರುಕಿನ ಜನ್ಮಸ್ಥಾನ. ಆದುದರಿಂದಲೇ ಅಪಘಾತದ ಸ್ಥಳದಲ್ಲಿ ಮುರಿದ ಎರಡು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ನೋಡಬಾರದೆಂಬ ನಿಯಮವುಂಟು. ಒಡೆದ ಬಳೆಯನ್ನು ಜೋಡಿಸಿ ನೋಡುವ ಚಾಪಲ್ಯ ಎಲ್ಲರಿಗೂ ಇದ್ದುದೇ. ಆದರೆ ಹಾಗೆ ಉಜ್ಜಿದೊಡನೆ ಈ ಸೂಕ್ಷ್ಮವಾದ ಬರವಣಿಗೆ ಅಳಿಸಿಹೋಗುವುದು.

ಬೆಂಗಳೂರಿನಲ್ಲಿ ಇಂಥ ಬರವಣಿಗೆಯನ್ನು ಓದುವ ವಿದ್ವಾಂಸರಿರುವರು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೆಂಬ ಸಂಸ್ಥೆಯು ೧೯೫೯ರ ಜೂನ್ ೧ರಂದು ದೆಹಲಿಯಲ್ಲಿ ಹುಟ್ಟಿ, ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿಗೆ ಬಂದಿತು. ೧೯೬೫ರಿಂದ ೧೯೮೪ರ ವರೆಗೆ ಅದರ ನಿರ್ದೇಶಕರಾಗಿದ್ದ ಡಾಕ್ಟರ್ ಎಸ್. ಆರ್. ವಲ್ಲೂರಿಯವರು ಲೋಹದ ದಣಿವನ್ನೇ ವಿಶೇಷವಾಗಿ ಅಭ್ಯಾಸಮಾಡಿದವರು. ಇಡೀ ರೆಕ್ಕೆಯನ್ನು ಚೌಕಟ್ಟಿನಲ್ಲಿ ಬಿಗಿದು, ಎಣ್ಣೆಯ ಒತ್ತಡದ ಯಂತ್ರಗಳಿಂದ ಹಗಲಿರುಳು ಬಾಗಿಸಿ, ವಿಮಾನವು ತನ್ನ ಆಯುಷ್ಯದಲ್ಲಿ ಅನುಭವಿಸತಕ್ಕ ಆಯಾಸವನ್ನೆಲ್ಲ ಕೆಲವು ತಿಂಗಳುಗಳಲ್ಲಿಯೇ ಉಣಿಸಿ ನೋಡುವ ಪರೀಕ್ಷೆಗಳುಂಟು. ಮುರಿದುಬಂದ ಭಾಗಗಳನ್ನು ಪರೀಕ್ಷಿಸುವ ತಜ್ಞರ ಒಂದು ಗುಂಪು ಅಲ್ಲಿಯೇ ಬೇರೆಯಾಗಿರುವುದು. ಅವರೇ ರಚಿಸಿದ ಹಂಸ ಎಂಬ ಚಿಕ್ಕ ವಿಮಾನದ ಮೈ ಲೋಹವೂ ಅಲ್ಲ, ಮರವೂ ಅಲ್ಲ. ಗಾಜಿನ ನಾರನ್ನು ರಾಳದಲ್ಲಿ ನೆನೆಸಿ ಪದರ ಪದರವಾಗಿ ಹಾಕಿದುದು. ಈ ಬಗೆಯ ಮೈಯಲ್ಲಿ ಪದರ ಬಿಟ್ಟಿದೆಯೇ ಎಂದು ನೋಡಲು ಮೊದಲ ಉಪಾಯ ನಾಣ್ಯದಿಂದ ತಟ್ಟುವುದು. ಗಟ್ಟಿಯಾದ ಕಡೆ ಕಣಿಲ್ ಎನ್ನುವುದು, ಬಿಟ್ಟ ಕಡೆ ಬೊದ್ದು ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವ ಮುದುಕಿಯ ವಿದ್ಯೆಯು ಇಲ್ಲಿಯೂ ಸಲ್ಲುವುದೆಂದು ಕೇಳಿ ನಾನು ಬಹಳ ಸಂತೋಷಪಟ್ಟೆನು.

ಆದರೆ ತಟ್ಟಿದರೂ ಕೇಳದ, ನೋಡಿದರೂ ಕಾಣದ ಬಿರುಕುಗಳುಂಟು. ೨೦೧೮ರ ಏಪ್ರಿಲ್ ೪ರಂದು ಅಮೆರಿಕದ ಡೇಟೋನಾ ಬೀಚ್ ಎಂಬ ಊರಿನಲ್ಲಿ, ವೈಮಾನಿಕ ವಿಶ್ವವಿದ್ಯಾನಿಲಯವೊಂದರ ಚಿಕ್ಕ ಪೈಪರ್ ವಿಮಾನವು ನೆಲವನ್ನು ಮುಟ್ಟಿ ಮತ್ತೆ ಏರುತ್ತಿರುವಾಗ ಎಡದ ರೆಕ್ಕೆ ಬುಡಸಹಿತ ಕಳಚಿಬಿದ್ದಿತು. ವಿದ್ಯಾರ್ಥಿಯೂ ಅವನನ್ನು ಪರೀಕ್ಷಿಸುತ್ತಿದ್ದ ಅಧಿಕಾರಿಯೂ ಸತ್ತರು. ಆ ವಿಮಾನವು ಹಾರಿದ್ದುದು ೭,೬೯೦ ಗಂಟೆ. ನೆಲಕ್ಕೆ ಇಳಿದಿದ್ದುದು ೩೩,೨೭೬ ಸಲ. ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ಸಲ ಇಳಿದಂತಾಯಿತು. ಕಲಿಯುವವರ ಕೈಯಲ್ಲಿ ವಿಮಾನದ ಪಾಡು ಹಾಗೆ. ಏರುವುದು, ಸುತ್ತುವುದು, ಕುಕ್ಕುವುದು, ಮತ್ತೆ ಏರುವುದು. ತೊಲೆಯ ಕೆಳಮೈಯಲ್ಲಿ, ಬೋಲ್ಟಿನ ರಂಧ್ರದಿಂದ ಹೊರಟ ದಣಿವಿನ ಬಿರುಕು ಬಹುಭಾಗವನ್ನು ತಿಂದುಹಾಕಿದ್ದಿತು. ಬೋಲ್ಟನ್ನು ಕೀಳದೆ ಅದು ಕಣ್ಣಿಗೆ ಬೀಳುವಂತಿರಲಿಲ್ಲ. ಅದೇ ಶಾಲೆಯ, ಅಷ್ಟೇ ವಯಸ್ಸಾದ ಇನ್ನೊಂದು ವಿಮಾನವನ್ನು ಬಿಚ್ಚಿದಾಗ ಅದೇ ಸ್ಥಾನದಲ್ಲಿ ಇನ್ನೊಂದು ಬಿರುಕು ಬೆಳೆಯುತ್ತಿದ್ದುದು ಕಂಡುಬಂದಿತು. ೨೦೨೧ರ ಮೊದಲಿನಲ್ಲಿ ಆ ದೇಶದ ವಿಮಾನಯಾನ ಇಲಾಖೆಯು, ಹೆಚ್ಚು ದುಡಿದ ಇಂಥ ವಿಮಾನಗಳ ಬೋಲ್ಟುಗಳನ್ನು ತೆಗೆದು, ರಂಧ್ರದೊಳಗೆ ಸುಳಿವಿದ್ಯುತ್ತನ್ನು ಹಾಯಿಸಿ ಪರೀಕ್ಷಿಸಬೇಕೆಂದು ಆಜ್ಞೆ ಮಾಡಿತು. ಇಲ್ಲಿಯೂ ಉಪಕಾರಕ್ಕೆ ಬಂದುದು ಬೀಳದ ವಿಮಾನವೇ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ನನ್ನ ಸೋದರಳಿಯನಿಗೆ ಒದಗಿದ ಪ್ರಸಂಗ. ಸಂಸ್ಥೆಯ ಹೆಸರು ಬೇಡ, ಊರಿನ ಹೆಸರೂ ಬೇಡ. ಅವನಾಗ ಒಂದು ವಿಮಾನ ಶಿಕ್ಷಣ ಶಾಲೆಯಲ್ಲಿದ್ದನು. ಅಲ್ಲಿ ನಮ್ಮ ಮಲೆನಾಡಿನ ಕಡೆಯ ಹುಡುಗಿಯೊಬ್ಬಳು ಹಾರುವುದನ್ನು ಕಲಿಯುತ್ತಿದ್ದಳು. ತಂದೆಗೆ ಎರಡೆಕರೆ ಅಡಕೆಯ ತೋಟ. ಅದನ್ನು ಬ್ಯಾಂಕಿಗೆ ಬರೆದುಕೊಟ್ಟು ಮಗಳ ಶುಲ್ಕವನ್ನು ಕಟ್ಟಿದ್ದರು. ಒಂದು ದಿನ ಬೆಳಗ್ಗೆ ಅವಳು ಇಳಿಸುವಾಗ ವಿಮಾನವು ಬಲವಾಗಿ ಕುಕ್ಕಿತು. ಯಾರೂ ನೋಡಿರಲಿಲ್ಲ. ಅವಳೇ ಬಂದು ಹೇಳಿದಳು.

ಅಳಿಯನು ಹೋಗಿ ನೋಡಿದನು. ಆ ವಿಮಾನದ ಗಾಲಿಗಳು ರೆಕ್ಕೆಗೆ ಸೇರಿದವು. ಕುಕ್ಕಿದ ಪೆಟ್ಟು ನೇರವಾಗಿ ತೊಲೆಗೆ ಏರುವುದು. ಗಾಲಿಯ ಮೇಲುಗಡೆಯಲ್ಲಿ ರೆಕ್ಕೆಯ ತಗಡು, ಒಗೆದು ಹಿಂಡಿದ ಪಂಚೆಯಂತೆ ಓರೆಯಾಗಿ ಸುಕ್ಕುಗಟ್ಟಿದ್ದಿತು. ಮೇಲಿನವರು ಕೂಡಲೇ ತೀರ್ಮಾನಕ್ಕೆ ಬಂದರು: ಹುಡುಗಿಯ ಅಜಾಗ್ರತೆ, ದುರಸ್ತಿಯ ಖರ್ಚನ್ನು ಅವಳ ತಂದೆಯಿಂದ ವಸೂಲು ಮಾಡತಕ್ಕದ್ದು, ಅದುವರೆಗೆ ಅವಳ ಹಾರಾಟ ನಿಲ್ಲತಕ್ಕದ್ದು. ದಿನಚರಿಯ ಪುಸ್ತಕದಲ್ಲಿ ಹಾಗೆಯೇ ಬರೆದು ರುಜು ಹಾಕೆಂದು ಇವನಿಗೆ ಹೇಳಿದರು.

ಇವನು ಹಾಕಲಿಲ್ಲ. ಏಕೆಂದರೆ ಸುಕ್ಕಿನ ಬಳಿಯ ಏಳೆಂಟು ರಿವೆಟ್ಟುಗಳ ಹಿಂದೆ, ದೀಪದ ಮಸಿಯಂಥ ಸಣ್ಣ ಕಪ್ಪು ಗೆರೆಗಳನ್ನು ಅವನು ಕಂಡಿದ್ದನು. ರಿವೆಟ್ಟು ಸಡಿಲವಾಗಿ ತಗಡಿಗೆ ಉಜ್ಜುತ್ತಿದ್ದರೆ ಲೋಹವು ನುಣ್ಣನೆಯ ಪುಡಿಯಾಗಿ ಉದುರುವುದು. ಹಾರುವಾಗಿನ ಗಾಳಿಯು ಅದನ್ನು ಹಿಂದಕ್ಕೆ ಎಳೆದು ಗೆರೆ ಬರೆಯುವುದು. ಕೆಲಸಗಾರರ ಭಾಷೆಯಲ್ಲಿ ಅದಕ್ಕೆ 'ಹೊಗೆಯುಗುಳುವ ರಿವೆಟ್ಟು' ಎಂದೇ ಹೆಸರಂತೆ. ಇದನ್ನು ಕೇಳಿದಾಗ ನನಗೆ ನಗೆಯೂ ಬಂದಿತು, ಮೈ ಜುಮ್ಮೆಂದಿತು. ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದೆನಲ್ಲವೆ!

"ಮಾವ, ಒಂದು ಸಲ ಕುಕ್ಕಿದರೆ ತಗಡು ಸುಕ್ಕಾಗಬಹುದು, ಆದರೆ ಆ ಕಪ್ಪು ಗೆರೆ ಬರಬೇಕಾದರೆ ರಿವೆಟ್ಟು ಸಡಿಲವಾದ ಮೇಲೆ ಎಷ್ಟೋ ಗಂಟೆ ಹಾರಿರಬೇಕು. ಅವಳು ಕುಕ್ಕಿದ ಮೇಲೆ ವಿಮಾನ ಹಾರಲೇ ಇಲ್ಲ. ನೀವೇ ಹೇಳಿ, ಗೆರೆ ಎಳೆದವರು ಯಾರು?" ಎಂದನು.

ಬಹಳ ವಾದವಾಯಿತಂತೆ. ಹಿರಿಯನೊಬ್ಬನು ಗೆರೆಗಳನ್ನು ಬಟ್ಟೆಯಿಂದ ಒರಸಿಹಾಕಲು ಹೇಳಿದನು; ಮಳೆಗಾಲದಲ್ಲಿ ಬಣ್ಣ ಕಿತ್ತು ಹಾಗೆ ಕಾಣುವುದೆಂದನು. ನೋಡಿರಿ, ಇಲ್ಲಿಗೂ ಮಳೆ ಬಂದಿತು! ಇವನು ಮೊದಲೇ ಚಿತ್ರ ತೆಗೆದುಕೊಂಡಿದ್ದನು. ಕಡೆಗೆ ರೆಕ್ಕೆಯನ್ನು ಬಿಚ್ಚಿದರು. ಗಾಲಿಯನ್ನು ಬಿಗಿದ ಸ್ಥಾನದ ಬಳಿಯಲ್ಲಿ, ತೊಲೆಯ ನಡುತಗಡಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಬಿರುಕು ಇದ್ದಿತು. ಆ ತುಂಡನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳುಹಿಸಿದರು. ಬಿರುಕಿನ ಮುಖದ ಮುಕ್ಕಾಲು ಪಾಲು ಕಪ್ಪಾಗಿ ಮಾಸಿದ್ದಿತು; ತುದಿಯ ಕಾಲು ಪಾಲು ಮಾತ್ರ ಹೊಸದು. ಹುಡುಗಿಯ ಪಾಲಿಗೆ ಬಂದುದು ಆ ತುದಿ. ಉಳಿದುದು ಅವಳು ಅಲ್ಲಿಗೆ ಸೇರುವುದಕ್ಕೆ ಮೊದಲಿನದೂ ಇರಬಹುದು. ಹಿಂದೆ ಎಂದೋ ಯಾರೋ ಅದಕ್ಕಿಂತ ಬಲವಾಗಿ ಕುಕ್ಕಿ, ಬಾಯಿಬಿಡದೆ ಹೋಗಿದ್ದರು. ದಿನಚರಿಯಲ್ಲಿ ಅದರ ಸುಳಿವೇ ಇರಲಿಲ್ಲ.

"ಹೇಳದವರು ಪಾರಾದರು, ಹೇಳಿದವಳಿಗೆ ದಂಡ. ಹೀಗೆ ಮಾಡಿದರೆ ನಾಳೆ ನನ್ನ ಹತ್ತಿರ ಬಂದು ಹೇಳುವವರು ಯಾರು, ಮಾವ? ಅವರು ಹೇಳದಿದ್ದರೆ ನಾನು ಯಾವ ರೆಕ್ಕೆಯನ್ನೆಂದು ಬಿಚ್ಚಿ ನೋಡಲಿ?" ಎಂದು ಅವನು ಕೇಳಿದನು.

ತಂದೆಯಿಂದ ಹಣ ವಸೂಲು ಮಾಡುವ ಮಾತು ಬಿಟ್ಟುಹೋಯಿತು. ಕ್ಷಮೆಯ ಮಾತಂತೂ ಯಾರ ಬಾಯಿಂದಲೂ ಬರಲಿಲ್ಲ. ಹುಡುಗಿಯು ಮೂರು ವಾರಗಳ ಮೇಲೆ ಮತ್ತೆ ಹಾರಿದಳು. ಅವಳಿಗೆ ಪರವಾನಗಿಯೂ ಬಂದಿತು. ತೋಟದ ಸಾಲ ಇನ್ನೂ ತೀರಿಲ್ಲ. ಅಳಿಯನು ಆರು ತಿಂಗಳಲ್ಲಿ ಆ ಕೆಲಸವನ್ನು ಬಿಟ್ಟು ಬೇರೆ ಕಡೆಗೆ ಹೋದನು. ಬಿಟ್ಟನೋ ಬಿಡಿಸಿದರೋ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾನು ಕೇಳಿದುದು ಬೇರೆ. "ಆ ಶಾಲೆಯಲ್ಲಿ ಅದೇ ಜಾತಿಯ ವಿಮಾನಗಳು ಇನ್ನೂ ಇದ್ದುವಲ್ಲ, ಅವನ್ನು ನೋಡಿದಿರಾ?" ಎಂದೆನು.

"ನೋಡಿದೆವು. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಬಲದ ರೆಕ್ಕೆಯ ಮೂರು ರಿವೆಟ್ಟುಗಳ ಹಿಂದೆ ಗೆರೆಯಿತ್ತು" ಎಂದನು. ಆ ವಿಮಾನದಲ್ಲಿ ಅದೇ ದಿನ ಮುಂಜಾನೆಯಿಂದ ನಾಲ್ವರು ವಿದ್ಯಾರ್ಥಿಗಳು ಹಾರಿ ಬಂದಿದ್ದರಂತೆ; ಐದನೆಯವನು ಪಟ್ಟಿಯನ್ನು ಬಿಗಿದುಕೊಂಡು ಕುಳಿತಿದ್ದನಂತೆ. ಅವನನ್ನು ಇಳಿಸಿದರು.